ಹುಳದ ಮನೆಯ ಮುಂದಿನ ಬೋಗುಣಿ

ನಮ್ಮದು ಹಿಂದೊಂದು ಮುಂದೊಂದು, ಎರಡು ಮನೆ. ಮುಂದಿನದರಲ್ಲಿ ನಾವಿರುತ್ತೇವೆ, ಹಿಂದಿನದರಲ್ಲಿ ರೇಷ್ಮೆ ಹುಳುಗಳು. ಯಾವುದು ಹೆಚ್ಚು ಚೊಕ್ಕಟ ಎಂದು ಯಾರಾದರೂ ಕೇಳಿದರೆ ನನ್ನ ಸೊಸೆಗೆ ಸಿಟ್ಟು ಬರುತ್ತದೆ, ಏಕೆಂದರೆ ಉತ್ತರ ಅವಳಿಗೂ ಗೊತ್ತು.

ಊರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ನಾನು ರೇಷ್ಮೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಚಿಕ್ಕಂದಿನಲ್ಲಿ ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದೆ. ದೊಡ್ಡವನಾದ ಮೇಲೆ ಹನೂರು, ಅಜ್ಜೀಪುರ, ಯಳಂದೂರಿನ ಕಡೆಯ ಹಳ್ಳಿಗಳನ್ನು ಮೊಪೆಡ್ ಮೇಲೆ ಸುತ್ತಿ, ಹುಳ ಸಾಕುವವರಿಗೆ ಒಂದೇ ಪಾಠ ಹೇಳಿದೆ: ಕೈ ತೊಳೆದು ಒಳಗೆ ಹೋಗಿ. ಹುಳುವಿಗೆ ತಗಲುವ ರೋಗ ಬಹಳ ಸಲ ಮನುಷ್ಯರ ಕೈಕಾಲಿನ ಜೊತೆಯಲ್ಲೇ ಒಳಗೆ ಹೋಗುತ್ತದೆ. ರೈತರು ಕೇಳಿದ ಯಾವ ಪ್ರಶ್ನೆಗೂ ‘ಗೊತ್ತಿಲ್ಲ’ ಎಂದು ನಾನು ಹೇಳಿದ್ದು ನೆನಪಿಲ್ಲ. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಮಾರನೆಯ ದಿನ ಹೋಗಿ ಹೇಳುತ್ತಿದ್ದೆ.

ನಿವೃತ್ತಿಯ ನಂತರ ಆ ಪಾಠವನ್ನು ನಮ್ಮ ಹುಳದ ಮನೆಯ ಬಾಗಿಲಿಗೇ ತಂದೆ. ಚಪ್ಪಲಿ ಹೊರಗೆ. ಹೊಸಿಲ ಮುಂದೆ ಹರಡಿದ ಸುಣ್ಣದ ಪುಡಿಯ ಮೇಲೆ ಕಾಲಿಟ್ಟು ಬರಬೇಕು. ಎಡಗಡೆ ನಲ್ಲಿ ಮತ್ತು ಸೋಪು. ಪಕ್ಕದ ಕಟ್ಟೆಯ ಮೇಲೆ ತೆಳುವಾದ ಬ್ಲೀಚಿಂಗ್ ನೀರಿನ ಬೋಗುಣಿ. ಗೋಡೆಯಲ್ಲಿ ಸಾಲಾಗಿ ಮೊಳೆಗಳು, ಒಬ್ಬೊಬ್ಬರಿಗೆ ಒಂದು ಮೊಳೆ, ಒಂದು ಟವೆಲ್. ಸೋಪು, ನಲ್ಲಿ, ಬೋಗುಣಿ, ಟವೆಲ್, ಆಮೇಲೆ ಒಳಗೆ. ಒದ್ದೆ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಮುಟ್ಟಕೂಡದು. ಒದ್ದೆ ಸೊಪ್ಪು ಹುಳುವಿಗೆ ಒಳ್ಳೆಯದಲ್ಲ. ಬೆಳಿಗ್ಗೆ ಬೋಗುಣಿಯ ನೀರು ಬದಲಿಸುವುದು, ಸಂಜೆಯ ಸೊಪ್ಪು ಹಾಕಿದ ಮೇಲೆ ಟವೆಲ್‌ಗಳನ್ನು ತೆಗೆದು ಒಗೆಯಲು ಹಾಕುವುದು, ಮಾರನೆಯ ದಿನ ಒಣಗಿದವನ್ನು ಮಡಿಸಿ ಅವರವರ ಮೊಳೆಗೆ ತಗುಲಿಸುವುದು ನನ್ನ ಪಾಲಿನ ಕೆಲಸ.

ಸೊಪ್ಪು ಕೊಯ್ಯಲು ಬರುವ ಹೆಂಗಸೊಬ್ಬಳಿದ್ದಾಳೆ. ವರ್ಷಗಟ್ಟಲೆಯಿಂದ ಬರುತ್ತಿರುವವಳು, ನನ್ನ ಹತ್ತಿರ ಸಲಿಗೆ ಜಾಸ್ತಿ.

“ಮಾದಪ್ಪನ ಗುಡಿಗಾದ್ರೂ ಕಾಲ್ ತೊಳ್ಕಂಡು ಓಗ್ಬುಡ್ಬೋದು ಸಾ,” ಎನ್ನುತ್ತಾಳೆ, “ನಿಮ್ ಉಳಿನ ಮನ್ಗೆ ಓಗ್ಬೇಕಂದ್ರೆ ಮದ್ವೆ ಎಣ್ಣಿನಂಗೆ ಸಿಂಗಾರಾಗ್ಬೇಕು.”

“ಉಳ ಉಳೀಬೇಕೋ ಬ್ಯಾಡ್ವೋ?” ಎಂದರೆ, “ಉಳ ನಿಮ್ದು, ಕೈ ನಂದು” ಎಂದು ಗೊಣಗುತ್ತಲೇ ಸರಿಯಾಗಿ ತೊಳೆದು ಒಳಗೆ ಬರುತ್ತಾಳೆ.

ನನ್ನ ಮೊಮ್ಮಗಳು, ನನ್ನ ಮಗನ ಒಬ್ಬಳೇ ಮಗಳು, ನಡೆಯಲು ಕಲಿತಾಗಿನಿಂದ ಆ ಮನೆಯಲ್ಲಿ ಓಡಾಡಿದವಳು. ಹುಳು ಜ್ವರಕ್ಕೆ ಕೂರುವುದನ್ನು, ಅಂದರೆ ಮೇವು ಬಿಟ್ಟು ಪೊರೆ ಕಳಚಲು ತಯಾರಾಗುವುದನ್ನು, ತಟ್ಟೆ ನೋಡಿ ಅವರಪ್ಪನಿಗಿಂತ ಮುಂಚೆ ಹೇಳುತ್ತಿದ್ದಳು. ಹನೂರಿನ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಂದ ವರ್ಷ, ಬೇಸಿಗೆಯ ಒಂದು ಬೆಳೆ ನಮಗೆ ಕೈಕೊಟ್ಟಿತು. ಹಾಲು ರೋಗ. ಹುಳುಗಳು ಊದಿಕೊಂಡು, ಬೆಳ್ಳಗೆ ಸೋರಿ ಸತ್ತವು. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುವಾಗ ನನ್ನ ಮಗ ಯಾರನ್ನೂ ನೋಡದೆ, “ಯಾರೋ ಕೈ ತೊಳೀದೆ ಒಳೀಕ್ ಬಂದವ್ರೆ” ಎಂದ. ಬೆಳೆ ಹೋದ ಯಾವ ಮನೆಯಲ್ಲಾದರೂ ಮೊದಲು ಕೇಳಿಬರುವ ಮಾತು ಅದು. ಆ ಬೇಸಿಗೆಯ ಸೆಕೆಗೇ ಹುಳು ಹಾಗಾಗಬಹುದಿತ್ತು. ಮೊಮ್ಮಗಳು ಹುಳದ ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

ಮುಂದಿನ ಬೆಳೆಯಿಂದ ಅವಳು ಕೈ ತೊಳೆಯುವುದು ಜಾಸ್ತಿಯಾಯಿತು. ನಮಗೆಲ್ಲ ಸಂತೋಷವಾಯಿತು. ಬೇರೆ ಯಾವ ಮನೆಯಲ್ಲಾದರೂ, ಹುಡುಗಿಯೊಬ್ಬಳು ಗಂಟೆಗಟ್ಟಲೆ ಕೈ ತೊಳೆಯುತ್ತಿದ್ದರೆ ಯಾರಾದರೂ ಏನಾಯಿತು ಎಂದು ಕೇಳುತ್ತಿದ್ದರು. ನಮ್ಮ ಮನೆಯಲ್ಲಿ ಅವಳನ್ನು ಕರೆದು ಬೇರೆಯವರಿಗೆ ತೋರಿಸಿದೆವು. ತೊಳೆದ ಮೇಲೆ ಅವಳು ಮೊಣಕೈ ಮಡಿಸಿ, ಅಂಗೈ ಮೇಲೆತ್ತಿಕೊಂಡು ಬರುತ್ತಿದ್ದಳು. ಬಾಗಿಲನ್ನು ಭುಜದಿಂದ ತಳ್ಳುತ್ತಿದ್ದಳು. ಸೊಪ್ಪಿನ ಹೆಂಗಸು ಅದನ್ನು ನೋಡಿ ನಕ್ಕಳು.

“ಆಪ್ರೇಸನ್ ಡಾಕ್ಟ್ರಮ್ಮ ಬಂದ್ರು, ದಾರಿ ಬುಡ್ರಪ್ಪೋ!”

ಮೊಮ್ಮಗಳೂ ನಕ್ಕಳು. ಆಗಿನ್ನೂ ನಗುತ್ತಿದ್ದಳು.

ಆಮೇಲೆ ಪ್ರಶ್ನೆಗಳು ಶುರುವಾದವು. ಪ್ರಶ್ನೆ ಯಾವಾಗಲೂ ನನಗೇ.

“ತಾತ, ಸರ್ಯಾಗಿ ತೊಳ್ದಿದೀನಾ?”

“ತೊಳ್ದಿದ್ದೀಯ.”

“ನೀನು ನೋಡ್ದ್ಯಾ?”

“ನೋಡ್ದೆ ಕಣವ್ವ.”

“ಹೆಬ್ಬೆಟ್ಟು?”

“ಹೆಬ್ಬೆಟ್ಟೂ ತೊಳ್ದೆ. ನಡಿ ಒಳೀಕೆ.”

ಅವಳ ಮುಖ ಸಡಿಲವಾಗುತ್ತಿತ್ತು. ಹೊಸಿಲು ದಾಟುವಷ್ಟರಲ್ಲಿ ಮತ್ತೆ ಬಿಗಿಯುತ್ತಿತ್ತು. ಹಿಂದಕ್ಕೆ ಬಂದು ಅದನ್ನೇ ಕೇಳುತ್ತಿದ್ದಳು. ಕೆಲಸ ತಿಳಿದವರನ್ನು ಕೇಳಿ ಮಾಡುವುದು ಒಳ್ಳೆಯ ಅಭ್ಯಾಸವೆಂದು ನಾನು ಬೇಸರವಿಲ್ಲದೆ ಉತ್ತರ ಕೊಡುತ್ತಿದ್ದೆ.

ನನಗೆ ಅನುಮಾನ ಬಂದದ್ದು ಟವೆಲ್‌ನಿಂದ. ಸಂಜೆ ಎಲ್ಲರ ಟವೆಲ್ ತೆಗೆಯುವಾಗ ಮಗನದು ಹಸಿಯಾಗಿರುತ್ತಿತ್ತು, ಸೊಸೆಯದು ಮುದ್ದೆಯಾಗಿರುತ್ತಿತ್ತು, ಸೊಪ್ಪಿನವಳದು ಕೆಸರಾಗಿರುತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೈ ತೊಳೆಯುವವಳ ಟವೆಲ್ ಮಾತ್ರ ನಾನು ಮಡಿಸಿ ಹಾಕಿದ ಹಾಗೆಯೇ, ಗೆರೆ ಕೂಡ ಮುರಿಯದೆ ಒಣಗಿಕೊಂಡಿತ್ತು. ಒಂದು ದಿನವಾದರೆ ಮರೆತಳು ಎನ್ನಬಹುದು. ದಿನಾ ಹಾಗೆಯೇ ಇತ್ತು.

ನಾಲ್ಕನೇ ಜ್ವರ ಎದ್ದು ಹುಳುಗಳು ಮೇವಿಗೆ ಬಿದ್ದಿದ್ದ ದಿನವೊಂದರಲ್ಲಿ ಉಳಿದದ್ದು ತಿಳಿಯಿತು. ಆ ಹೊತ್ತಿನಲ್ಲಿ ಮನೆಯ ಎಲ್ಲ ಕೈಗಳೂ ಬೇಕು. ಕೊಯ್ದ ರೆಂಬೆಗಳು ಗೋಣಿಯ ಕೆಳಗೆ ಬಾಡುತ್ತಿದ್ದವು. “ಬಾರವ್ವ” ಎಂದು ಕರೆದೆ. “ಬತ್ತೀನಿ ತಾತ” ಎಂದಳು. ಮತ್ತೆ ಕರೆದೆ. ಅದೇ ಉತ್ತರ. ಹೊರಗೆ ಹೋಗಿ ನೋಡಿದೆ. ನಲ್ಲಿ ಸುರಿಯುತ್ತಿತ್ತು. ಅವಳು ಕೈಯನ್ನು ಅದರ ಕೆಳಗಿಟ್ಟುಕೊಂಡು ಅಳುತ್ತಿದ್ದಳು. ಬೆರಳ ಗಿಣ್ಣುಗಳು ಬಿರಿದು ಕೆಂಪಾಗಿದ್ದವು. ಆ ಗಾಯವನ್ನೇ ಆಮೇಲೆ ಬ್ಲೀಚಿಂಗ್ ನೀರಿಗೆ ಅದ್ದುತ್ತಿದ್ದಳು.

“ಸಾಕು ಬಾ, ಚೆನ್ನಾಗಿ ತೊಳ್ದಿದ್ದೀಯ.”

“ಮುಗೀತಾ ಇಲ್ಲ ತಾತ,” ಎಂದಳು.

ನಾನು ನಲ್ಲಿ ನಿಲ್ಲಿಸಿದೆ. ಅವಳು ಮೊಣಕೈಯಿಂದ ಮತ್ತೆ ತಿರುಗಿಸಿದಳು.

ಗಂಟೆಯ ಪ್ರಕಾರ ಬಾಳಿದವನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಕ್ರಮ ಎನ್ನುವುದು ಮುಂದಿನ ಕೆಲಸಕ್ಕೆ ಮನುಷ್ಯನನ್ನು ಬಿಟ್ಟುಕೊಡುತ್ತದೆ. ಹಾಸಿಗೆ ಸುತ್ತಿಟ್ಟರೆ ಸ್ನಾನ, ಸ್ನಾನವಾದರೆ ಪಾಠ. ಕೈ ತೊಳೆಯುವುದು ಹುಳುವಿನ ಬಳಿಗೆ ಹೋಗಲು. ಇವಳ ತೊಳೆಯುವಿಕೆ ಇವಳನ್ನು ಎಲ್ಲಿಗೂ ಬಿಡುತ್ತಿರಲಿಲ್ಲ. ಹೊರಗಿನಿಂದ ನೋಡಲು ಎರಡೂ ಒಂದೇ. ಅದೇ ಸೋಪು, ಅದೇ ನಲ್ಲಿ.

ಅಲ್ಲಿಂದ ಮುಂದಕ್ಕೆ ಅದು ಮನೆಯೊಳಗೂ ಬಂತು. ಶಾಲೆಯಿಂದ ಬಂದ ಪುಸ್ತಕಗಳನ್ನು ಒರೆಸಬೇಕು. ಬಸ್ಸಿನ ಕಂಬಿ ಹಿಡಿದ ಕೈಯಲ್ಲಿ ಲೋಟ ಮುಟ್ಟಬಾರದು. ಬೆಳಿಗ್ಗೆ ಬಚ್ಚಲಿಂದ ಹೊರಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಮಗ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ. ಒಂದು ಹಬ್ಬದ ರಜೆ ಕಳೆದ ಮೇಲೆ ಅವಳು ಶಾಲೆಗೆ ಹೋಗಲೇ ಇಲ್ಲ. ಹುಳದ ಮನೆಗೂ ಬರಲಿಲ್ಲ. ಕೋಣೆಯಲ್ಲಿ ಗೋಡೆಗೆ ತಾಗದ ಹಾಗೆ ಕೂತಿರುತ್ತಿದ್ದಳು.

ಸೊಸೆಯ ತವರು ಯಳಂದೂರು. “ಉಳ ಇಲ್ದಿರೋ ಮನೇಲಿ ನಾಕ್ ದಿನ ಇದ್ರೆ ಸರ್ಯೋಯ್ತಳೆ ಮಾವ,” ಎಂದು ಸೊಸೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದಳು. ಮೊದಮೊದಲು ಫೋನಿನಲ್ಲಿ ಬಂದ ಸುದ್ದಿ ಚೆನ್ನಾಗಿತ್ತು. ಉಣ್ಣುತ್ತಾಳೆ, ಮಾವನ ಮಕ್ಕಳ ಜೊತೆ ಟಿವಿ ನೋಡುತ್ತಾಳೆ, ಕೈ ತೊಳೆಯುವುದು ಕಡಿಮೆಯಾಗಿದೆ. ಹುಳುವಿನ ಹೆದರಿಕೆ, ಅಷ್ಟೇ ಎಂದು ನಾವು ತೀರ್ಮಾನಿಸಿದೆವು. ಸ್ವಲ್ಪ ದಿನಕ್ಕೆ ಸೊಸೆಯ ತಾಯಿಯೇ ಫೋನ್ ಮಾಡಿದರು.

“ಈಗ ಗ್ಯಾಸ್ ಇಡ್ಕಂಡದೆ ಅಣ್ಣಾ. ಆಫ್ ಆಗಿ ಅದಾ ಆಫ್ ಆಗಿ ಅದಾ ಅಂತ ಒಲೆ ಮುಂದೇ ನಿಂತ್ಕತದೆ. ನಾನ್ ಬಂದ್ ಮಾಡಿವ್ನಿ ಅಂದ್ರೂ ಕೇಳಕಿಲ್ಲ.”

ನಾನೇ ಬಸ್ಸು ಹತ್ತಿ ಯಳಂದೂರಿಗೆ ಹೋದೆ. ಮೊಮ್ಮಗಳನ್ನು ಮನೆಯ ಮುಂದಿನ ಜಗಲಿಗೆ ಕರೆದುಕೊಂಡು ಬಂದು ಕೂರಿಸಿಕೊಂಡೆ. ಅಲ್ಲಿಂದ ಬಿಳಿಗಿರಿರಂಗನ ಬೆಟ್ಟದ ಸಾಲು ಕಾಣುತ್ತದೆ. ಅವಳು ಅದನ್ನೇ ನೋಡುತ್ತ ಮಾತಾಡಿದಳು. ನನ್ನ ಮುಖ ನೋಡಿಕೊಂಡು ಹೇಳಲು ನಾಚಿಕೆಯಾಗಿರಬೇಕು.

“ಕೈ ಕ್ಲೀನಾಗೇ ಅದೆ ಅಂತ ನಂಗೊತ್ತು ತಾತ. ಗ್ಯಾಸ್ ಆಫ್ ಆಗೇ ಅದೆ ಅಂತಾನೂ ಗೊತ್ತು. ಗೊತ್ತಿದ್ರೂ ಸಾಕಾಗಲ್ಲ.”

“ಅಂಗಂದ್ರೆ?”

“ಒಳ್ಗೆ ‘ಗ್ಯಾರಂಟಿನಾ?’ ಅಂತ ಕೇಳ್ತದೆ. ನಾನು ಊ ಅಂತೀನಿ. ಮತ್ತೆ ಕೇಳ್ತದೆ.”

“ಯಾರವ್ವ ಕೇಳಾದು?”

“ನಾನೇ.”

ಬೆಟ್ಟ ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು: “ನಂಗೆ ಉಚ್ಚು ಇಡೀತಾ ಅದಾ ತಾತ? ನಂಗೆ ಟೆಂತ್ ಓದ್ಬೇಕು. ಉಳಿನ ಮನ್ಗೂ ಓಗ್ಬೇಕು.”

ಹುಚ್ಚಲ್ಲ ಎಂದೆ. ಏನು ಎಂದು ನನಗೆ ತಿಳಿದಿರಲಿಲ್ಲ. ತಿಳಿದವರ ಹತ್ತಿರ ಹೋಗೋಣ ಎಂದೆ. ಅಂದೇ ವಾಪಸ್ಸಿನ ಬಸ್ಸಿಗೆ ಅವಳನ್ನು ಕರೆದುಕೊಂಡು ಬಂದೆ. ದಾರಿಯಲ್ಲಿ ಅವಳ ಪಾಲಿನ ಕಂಬಿಯನ್ನೂ ನಾನೇ ಹಿಡಿದುಕೊಂಡಿದ್ದೆ. ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

ಮನೋವೈದ್ಯರ ಹತ್ತಿರ ಎಂದಾಗ ಮಗ ಮುಖ ಗಂಟು ಹಾಕಿದ. “ನಾಳೆ ಊರೋರು ಏನಂದಾರು? ಎಣ್ಣ್ ಮಗ.”

ಸೊಸೆ ರಾಗಿ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದಳು. ಅವಳು ಸಾಮಾನ್ಯವಾಗಿ ನನ್ನ ಮುಂದೆ ಗಂಡನಿಗೆ ಎದುರಾಡುವವಳಲ್ಲ. “ಉಳಕ್ಕೆ ಚುಕ್ಕೆ ಕಂಡ್ರೆ ಬೈಕ್ ತಕಂಡು ಆಫೀಸಿಗೆ ಓಡ್ತೀರಿ. ಮಗೀಗಾದ್ರೆ ಮುಚ್ಚಿಡಾದಾ? ಮಾದಪ್ಪಂಗೂ ಅರಕೆ ಕಟ್ಕಂಡಿವ್ನಿ, ಡಾಕ್ಟ್ರ ತಕ್ಕೂ ಓಯ್ತೀನಿ. ನೀವ್ ಬರಾದಾದ್ರೆ ಬನ್ನಿ.” ಮುದ್ದೆ ತಿರುವಲು ಶುರು ಮಾಡಿದಳು. ಮಗ ಬಂದ.

ಕೊಳ್ಳೇಗಾಲದಲ್ಲಿ ವಾರಕ್ಕೊಮ್ಮೆ ಬಂದು ಕೂರುವ ವೈದ್ಯೆಯೊಬ್ಬರಿದ್ದರು. ವಯಸ್ಸಿನಲ್ಲಿ ನನ್ನ ಸೊಸೆಯಷ್ಟೇ ಇರಬಹುದು. ಮೊದಲು ಮೊಮ್ಮಗಳೊಬ್ಬಳನ್ನೇ ಕೂರಿಸಿಕೊಂಡು ಮಾತಾಡಿದರು. ನಾವು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಆಮೇಲೆ ನಮ್ಮನ್ನು ಕರೆದರು. ಇದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ, ಹುಚ್ಚಲ್ಲ, ಹಟವಲ್ಲ, ಮಕ್ಕಳಲ್ಲೂ ಹರೆಯದವರಲ್ಲೂ ಕಾಣುವ ಕಾಯಿಲೆ, ಚಿಕಿತ್ಸೆ ಇದೆ ಎಂದರು. ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾನ್ ಅವತ್ತು ರೇಗ್ದೆ ಮೇಡಂ, ಯಾರೋ ಕೈ ತೊಳೀದೆ ಬಂದವ್ರೆ ಅಂತ. ಅದ್ಕಾ?” ಎಂದು ಮಗ ಕೇಳಿದ. ಅಲ್ಲಿಯವರೆಗೂ ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನೆಂದು ನನಗೆ ಗೊತ್ತಿರಲಿಲ್ಲ.

“ಒಂದು ಮಾತಿಂದ ಬರೋ ಕಾಯಿಲೆ ಅಲ್ಲ ಇದು. ಹುಳ ಇಲ್ಲದಿದ್ದರೆ ಬೇರೆ ಏನನ್ನೋ ಹಿಡ್ಕೊಳ್ತಿತ್ತು. ಯಳಂದೂರಲ್ಲಿ ಗ್ಯಾಸ್ ಹಿಡ್ಕೊಳ್ತಲ್ಲ?” ಎಂದರು ವೈದ್ಯೆ. ಆಮೇಲೆ ಮೊಮ್ಮಗಳ ಕಡೆ ತಿರುಗಿದರು. “ನಿನ್ನ ವಯಸ್ಸಲ್ಲಿ ಮಿದುಳು ಇನ್ನೂ ಕಟ್ಟೋ ಕೆಲಸ ಮುಗಿಸಿರಲ್ಲ. ಬಳಸದ ದಾರಿ ಮುಚ್ಚುತ್ತೆ, ದಿನಾ ಓಡಾಡೋ ದಾರಿ ಅಗಲ ಮಾಡುತ್ತೆ. ಅನುಮಾನ ಬಂತು, ತೊಳೆದೆ, ಸ್ವಲ್ಪ ಸಮಾಧಾನ ಆಯ್ತು. ಈ ದಾರೀಲಿ ನೀನು ತುಂಬ ಓಡಾಡಿದೀಯ. ಈಗ ಇನ್ನೊಂದು ದಾರಿ ತುಳೀಬೇಕು. ಅನುಮಾನ ಬರಲಿ, ತೊಳೀದೆ ಇರು, ಭಯ ತಾನಾಗೇ ಇಳಿಯೋದನ್ನ ನೋಡು. ಮೊದಲು ತುಂಬ ಕಷ್ಟ. ಮಾತ್ರೆ ಅದನ್ನ ಸ್ವಲ್ಪ ಸುಲಭ ಮಾಡುತ್ತೆ.”

“ಎಷ್ಟು ದಿನ?” ಎಂದಳು ಮೊಮ್ಮಗಳು.

“ತಿಂಗಳುಗಳು. ನಿಧಾನ.” ಸುಳ್ಳು ಹೇಳಲಿಲ್ಲ ಎಂದು ನನಗೆ ಅವರ ಮೇಲೆ ಗೌರವ ಬಂತು.

ಆಮೇಲೆ ಕೇಳಿದರು: “ಅನುಮಾನ ಬಂದಾಗ ಮನೇಲಿ ಯಾರನ್ನ ಕೇಳ್ತಾಳೆ?”

ಮೂವರೂ ನನ್ನನ್ನು ನೋಡಿದರು.

“ನೀವೇನಂತೀರಿ?”

“ಸರಿಯಾಗಿದೆ ಅಂತೀನಿ ಮೇಡಂ. ಸರಿಯಾಗಿರುತ್ತೆ.”

“ಇನ್ನು ಮೇಲೆ ಹಾಗನ್ನಬೇಡಿ. ನಿಮ್ಮ ಉತ್ತರ ಇವಳಿಗೆ ಇನ್ನೊಂದು ಸಲ ಕೈ ತೊಳೆದ ಹಾಗೆ. ಆ ಕ್ಷಣಕ್ಕೆ ಹಿತ, ಆಮೇಲೆ ಮತ್ತೆ ಬೇಕು.”

“ಮತ್ತೆ ಏನಂತ ಹೇಳಲಿ?”

“ಗೊತ್ತಿಲ್ಲ ಅನ್ನಿ.”

ನಾನು ರೈತರಿಗೂ ಎಂದೂ ಹೇಳದ ಮಾತು ಅದು. ಆಮೇಲೆ ನನ್ನ ತೊಂದರೆ ಹೇಳಿದೆ. ಹುಳದ ಮನೆಗೆ ಹೋಗುವಾಗ ಕೈ ತೊಳೆಯಲೇಬೇಕು, ಅದನ್ನು ಬಿಡುವ ಹಾಗಿಲ್ಲ. ಅವರು ನಮ್ಮ ಕ್ರಮ ಹೇಗೆಂದು ಕೇಳಿದರು. ಹೇಳಿದೆ: ಸೋಪು, ನಲ್ಲಿ, ಬೋಗುಣಿ, ಟವೆಲ್, ಒಳಗೆ.

“ಚೆನ್ನಾಗಿದೆ. ಇವಳಿಗೂ ಅಷ್ಟೇ ಇರಲಿ. ಎಲ್ಲರೂ ಎಷ್ಟೋ ಅಷ್ಟು. ಟವೆಲ್ ಮುಟ್ಟಿದ ಮೇಲೆ ವಾಪಸ್ ಹೋಗೋ ಹಾಗಿಲ್ಲ. ಆದರೆ ಅದು ಕೊನೆಗೆ. ಗಾಯ ಮಾಯಲಿ, ಸುಲಭದ್ದರಿಂದ ಶುರು ಮಾಡೋಣ. ಆ ಬಾಗಿಲು ಇವಳಿಗೆ ಎಲ್ಲಕ್ಕಿಂತ ದೊಡ್ಡದು.”

ಬಾಗಿಲಿಂದ ಹೊರಗೆ ಬರುವಾಗ ಮೊಮ್ಮಗಳು ನನ್ನ ತೋಳು ಹಿಡಿದು ಮೆಲ್ಲಗೆ, “ತಾತ, ನೀನ್ ನಿಜ್ವಾಗ್ಲೂ ಏಳಾಕಿಲ್ವಾ?” ಎಂದಳು.

“ಗೊತ್ತಿಲ್ಲ,” ಎಂದೆ. ಅದು ನಾನು ಹೇಳಿದ ಮೊದಲನೆಯದು. ಅವಳಿಗೆ ನಗು ಬರಲಿಲ್ಲ.

ಸುಲಭದ್ದು ಎಂದರೆ ಬಾಗಿಲ ಚಿಲಕ. ಆಮೇಲೆ ಶಾಲೆಯ ಚೀಲವನ್ನು ಮಂಚದ ಮೇಲಿಡುವುದು, ಬಸ್ಸಿನ ಕಂಬಿ ಹಿಡಿದು ಬಂದು ಕಡಲೆಕಾಯಿ ಬಿಡಿಸಿ ತಿನ್ನುವುದು. ಚಿಲಕ ಹಿಡಿದು ಕೂತಿರುವುದು ಸುಲಭ ಎಂದು ಯಾರೂ ಅಂದುಕೊಳ್ಳಬೇಡಿ. ಅವಳ ತುಟಿಯ ಮೇಲೆ ಬೆವರು ಬರುತ್ತಿತ್ತು. ಸೊಸೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ನನ್ನ ಅಭ್ಯಾಸದಂತೆ ನಾನು ಅದಕ್ಕೂ ಒಂದು ಹೊತ್ತು ಗೊತ್ತುಮಾಡಿದೆ. ಸಂಜೆಯ ಕಾಫಿಯಾದ ಮೇಲೆ, ದಿನವೂ, ಹಬ್ಬವಿರಲಿ ಮಳೆಯಿರಲಿ. ಮಾತ್ರೆ ಬೆಳಿಗ್ಗೆ ತಿಂಡಿಯ ಜೊತೆ. ಇಂಥ ಕಡೆ ಮಾತ್ರ ನನ್ನ ಶಿಸ್ತು ಅವಳಿಗೆ ಉಪಯೋಗಕ್ಕೆ ಬಂತು.

ನನ್ನ ಪಾಲಿನ ಪಾಠ ನನಗೆ ಅಷ್ಟು ಬೇಗ ಬರಲಿಲ್ಲ.

“ತಾತ, ಇದು ಕ್ಲೀನಾಗಿ ಅದಾ?”

“ಗೊತ್ತಿಲ್ಲ ಕಣವ್ವ.”

“ನಿಂಗ್ ಗೊತ್ತು! ಬೇಕಂತ್ಲೇ ಏಳ್ತಾ ಇಲ್ಲ!” ಎಂದು ಲೋಟ ಕುಕ್ಕಿ ಹೋಗುತ್ತಿದ್ದಳು. ಅವಳು ಹೇಳಿದ್ದು ನಿಜ. ನನಗೆ ಗೊತ್ತಿತ್ತು.

ಒಮ್ಮೆ ನನ್ನ ಪಕ್ಕ ಬಂದು ಕೂತು ಬಹಳ ಮುದ್ದಾಗಿ ಮಾತು ತೆಗೆದಳು. “ತಾತ, ಮುಂಚೆ ಅಜ್ಜೀಪುರದ ಕಡೆ ರೈತ್ರಿಗೆ ಟ್ರೈನಿಂಗ್ ಕೊಡ್ತಿದ್ದಲ್ಲ, ಬೆರಳ್ ಸಂದಿಗೆ ನೊರೆ ಓದ್ರೆ ಸಾಕು ಅಂತ ತಾನೆ ಏಳ್ತಿದ್ದಿದ್ದು?”

ನನ್ನ ಹಳೆಯ ಕೆಲಸದ ಬಗ್ಗೆ ಕೇಳುವವರು ಈಗ ಕಡಿಮೆ. ಸಂತೋಷದಿಂದ ಬಾಯಿ ತೆರೆದೆ. ಅಡುಗೆಮನೆಯಿಂದ ಸೊಸೆ ಜೋರಾಗಿ ಕೆಮ್ಮಿದಳು. ಬಾಯಿ ಮುಚ್ಚಿದೆ. ಮೊಮ್ಮಗಳು ಅಮ್ಮನ ಕಡೆ ಕಣ್ಣು ಬಿಟ್ಟಳು, ಆಮೇಲೆ ತಾನೇ ನಕ್ಕುಬಿಟ್ಟಳು. ಎಷ್ಟೋ ಕಾಲದ ಮೇಲೆ ಕೇಳಿದ ನಗು.

ಸೊಪ್ಪಿನ ಹೆಂಗಸಿಗೂ ವಿಷಯ ತಿಳಿಸಿದ್ದೆವು. ಮನೆಗೆ ಬಂದು ಹೋಗುವವರೆಲ್ಲ ಒಂದೇ ಥರ ನಡೆದುಕೊಳ್ಳಬೇಕಿತ್ತು. ಅವಳು ಡಾಕ್ಟ್ರಮ್ಮ ಎಂದು ಕರೆಯುವುದನ್ನು ತಾನಾಗಿಯೇ ನಿಲ್ಲಿಸಿದಳು. ಆ ತಮಾಷೆಯನ್ನು ನನ್ನ ಕಡೆ ತಿರುಗಿಸಿಕೊಂಡಳು. “ಸಾಯೇಬ್ರಿಗೆ ಈಗ ಏನ್ ಕೇಳುದ್ರೂ ಗೊತ್ತಿಲ್ವಂತೆ. ಸರ್ಕಾರದೋರು ಪಿಂಚಣಿ ನಿಲ್ಲಿಸ್ಬುಟ್ಟಾರು, ಉಸಾರು ಸಾ!”

ಸೊಸೆ ಹನೂರಿಗೆ ಹೋಗಿ ಶಾಲೆಯ ಟೀಚರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಂದಳು. ಮೊದಲು ಮಧ್ಯಾಹ್ನದವರೆಗೆ, ಆಮೇಲೆ ಪೂರ್ತಿ ದಿನ, ಮೊಮ್ಮಗಳು ಶಾಲೆಗೆ ಹೋಗತೊಡಗಿದಳು. ನಡುವೆ ಹಿಂದಕ್ಕೆ ಬಿದ್ದ ವಾರಗಳೂ ಇದ್ದವು. ಅಂಥ ಒಂದು ವಾರ ಮಗ ಮಾತ್ರೆ ದಂಡ ಎಂದ. ವೈದ್ಯೆ ಮಾತ್ರೆಯ ಪ್ರಮಾಣ ಸರಿಮಾಡಿದರು, ಅಭ್ಯಾಸ ಬಿಡಬೇಡಿ ಎಂದರು. ಬಿಡಲಿಲ್ಲ. ಗಿಣ್ಣುಗಳ ಗಾಯ ಮಾಯ್ದು ಹೊಸ ಚರ್ಮ ಬಂತು. ಒಂಬತ್ತನೇ ತರಗತಿ ಪಾಸಾದಳು. ಆದರೂ ಹಿತ್ತಲ ಬಾಗಿಲು ತೆರೆದರೆ ಹುಳದ ಮನೆಯ ಕಡೆ ನೋಡದೆ ಬಟ್ಟೆ ಒಣಹಾಕಿ ಬರುತ್ತಿದ್ದಳು. ಅವಳ ಮೊಳೆಗೆ ನಾನು ಟವೆಲ್ ಹಾಕುವುದನ್ನು ನಿಲ್ಲಿಸಿರಲಿಲ್ಲ.

ಕೊನೆಗೆ ಮುಂಗಾರಿನ ಬೆಳೆಯಲ್ಲಿ, ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲೆ, ಒಂದು ಭಾನುವಾರ, “ಇವತ್ತು ಬತ್ತೀನಿ” ಎಂದಳು. ಯಾರೂ ಚೆನ್ನಾಗಿ ತೊಳಿ ಎನ್ನಲಿಲ್ಲ, ಬೇಗ ಬಾ ಎನ್ನಲಿಲ್ಲ. ಮಗ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, “ಏನಾರ ಎಚ್ಚುಕಮ್ಮಿ ಆದ್ರೂ ಅವ್ಳಿಗ್ ಏನೂ ಅನ್ಬ್ಯಾಡ ಅಪ್ಪ. ಬೆಳೆ ಓದ್ರೆ ಇನ್ನೊಂದ್ ಬೆಳೆ ತಗ್ಯನ” ಎಂದ. ಬಹುಶಃ ತನಗೇ ಹೇಳಿಕೊಳ್ಳುತ್ತಿದ್ದ.

ನಾವು ಒಳಗಿದ್ದು ರೆಂಬೆ ಹಾಕುತ್ತಿದ್ದೆವು. ನಲ್ಲಿ ತೆರೆದ ಸದ್ದು, ನಿಂತ ಸದ್ದು. ಬೋಗುಣಿಯ ನೀರಿನ ಸದ್ದು. ಆಮೇಲೆ ಏನೂ ಇಲ್ಲ. ಹುಳುಗಳು ಸೊಪ್ಪು ಕಡಿಯುವ ಸದ್ದು ಮಾತ್ರ. ನಾನು ಬಾಗಿಲ ಕಡೆ ಬೆನ್ನು ಹಾಕಿಕೊಂಡೇ ಇದ್ದೆ. ಎಷ್ಟು ಹೊತ್ತೋ, ಅವಳು ಬಂದು ನನ್ನ ಪಕ್ಕದ ಸಾಲಿಗೆ ನಿಂತಳು. ರೆಂಬೆ ಎತ್ತಿಕೊಂಡು ತುದಿ ಬುಡ ಅದಲುಬದಲಾಗಿ ಜೋಡಿಸತೊಡಗಿದಳು. ಜೋಡಣೆ ಮರೆತಿರಲಿಲ್ಲ.

ಅರ್ಧ ಸಾಲು ಮುಗಿದಿತ್ತು.

“ತಾತ.”

“ಊ.”

“ಇಲ್ಲಿ ಆಲ್ ರೋಗದ್ದು ಒಂದದೆ.”

ಬಂದು ನೋಡಿದೆ. ಸಾಲಿನ ಅಂಚಿನಲ್ಲಿ ಒಂದು ಹುಳು ಊದಿಕೊಂಡು ಹೊಳೆಯುತ್ತ, ಮೇವು ಬಿಟ್ಟು ಅಲೆಯುತ್ತಿತ್ತು. ಯಾವ ಬೆಳೆಯಲ್ಲಾದರೂ ಅಂಥವು ಅಲ್ಲೊಂದು ಇಲ್ಲೊಂದು ಸಿಗುತ್ತವೆ.

“ನನ್ನಿಂದ್ಲಾ?” ಎಂದಳು.

ರೋಗ ತಗುಲಿದ ಹುಳು ಹೀಗೆ ಊದಲು ದಿನಗಳು ಬೇಕು. ಅವಳು ಒಳಗೆ ಬಂದು ಅರ್ಧ ಸಾಲು ಆಗಿತ್ತು, ಅಷ್ಟೇ. ಹುಳ ಸಾಕಿದ ಯಾರು ಬೇಕಾದರೂ ಆ ಉತ್ತರ ಹೇಳಬಹುದಿತ್ತು. ನಾನಂತೂ ಅದನ್ನು ಊರೂರಿಗೂ ಹೇಳಿದವನು. ಎದುರಿನ ಸಾಲಿನಲ್ಲಿ ಮಗ ರೆಂಬೆ ಕೆಳಗಿಟ್ಟ. ಅವನು ಹೇಳಿಬಿಡುತ್ತಾನೆ ಎಂದು ನನಗೆ ಭಯವಾಯಿತು. ನಾನೇ ಹೇಳಿಬಿಡುತ್ತೇನೆ ಎಂದು ಇನ್ನೂ ಹೆಚ್ಚು ಭಯವಾಯಿತು.

“ಗೊತ್ತಿಲ್ಲ ಕಣವ್ವ,” ಎಂದೆ.

ಅವಳು ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರು ತುಂಬಿತು. ಅಳುತ್ತಾಳೆ ಎಂದುಕೊಂಡೆ, ಲೋಟ ಕುಕ್ಕಿದ ಹಾಗೆ ಎಲ್ಲ ಬಿಟ್ಟು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಗೋಡೆಗೆ ಸಿಕ್ಕಿಸಿದ್ದ ಕಡ್ಡಿ ಇಕ್ಕಳ ತಂದು ಹುಳುವನ್ನು ಹಿಡಿದು ಸುಣ್ಣದ ಡಬ್ಬಿಗೆ ಹಾಕಿದಳು. ಅಂಚಿನುದ್ದಕ್ಕೂ ಇನ್ನೂ ಇದ್ದಾವೇನೋ ಎಂದು ಹುಡುಕಿದಳು. ಒಂದು ಸಿಕ್ಕಿತು, ಅದನ್ನೂ ಹಾಕಿದಳು. ರೋಗದ ಹುಳು ತೆಗೆದವರು ಹೊರಗೆ ಹೋಗಿ ಕೈ ತೊಳೆದು ಬರಬೇಕು. ಅದು ನನ್ನದೇ ನಿಯಮ, ಎಲ್ಲರಿಗೂ ಇರುವುದು. ಅವಳು ಹೊರಗೆ ಹೋದಳು.

ನಲ್ಲಿ ತೆರೆಯಿತು. ನಿಂತಿತು. ಬೋಗುಣಿಯ ನೀರು ಕಲಕಿತು. ಮಗ, ಸೊಸೆ, ನಾನು ಮೂವರೂ ಕೈಯಲ್ಲಿದ್ದ ರೆಂಬೆ ಹಾಗೇ ಹಿಡಿದುಕೊಂಡು ನಿಂತಿದ್ದೆವು. ನಲ್ಲಿ ಮತ್ತೆ ತೆರೆಯಿತು. ಸೊಸೆ ಕಣ್ಣು ಮುಚ್ಚಿಕೊಂಡಳು. ನೀರು ಸುರಿಯುವ ಸದ್ದು, ಆಮೇಲೆ ತಟ್ಟನೆ ನಿಂತಿತು.

ಅವಳು ಒಳಗೆ ಬಂದಾಗ ಮುಖ ಕೆಂಪಗಿತ್ತು. ಯಾರೂ ಕೇಳಲಿಲ್ಲ. ತಾನೇ ಹೇಳಿದಳು.

“ಎರಡ್ನೇ ಸಲ ನಲ್ಲಿ ಬುಟ್ಟೆ. ಆದ್ರೆ ಕೈ ಇಡ್ಲಿಲ್ಲ.”

“ನೀರ್ ದಂಡ ಆಯ್ತಲ್ಲವ್ವ,” ಎಂದ ಮಗ.

“ಬಿಲ್ ಕಟ್ಟಪ್ಪ,” ಎಂದು ಅವಳು ತನ್ನ ಸಾಲಿಗೆ ಹೋದಳು.

ಅವಳ ಕಾಯಿಲೆ ಅಂದಿಗೆ ಮುಗಿಯಿತು ಎಂದು ನಾನು ಬರೆಯುವುದಿಲ್ಲ. ಮಾತ್ರೆ ಈಗಲೂ ಇದೆ, ಕೊಳ್ಳೇಗಾಲಕ್ಕೆ ಹೋಗಿ ಬರುವುದೂ ಇದೆ. ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಪರೀಕ್ಷೆ ಹತ್ತಿರ ಬಂದರೆ ಒಳಗಿನ ಪ್ರಶ್ನೆ ಜೋರಾಗುತ್ತದಂತೆ. ನನ್ನನ್ನು ಕೇಳುವುದು ಕಡಿಮೆ ಮಾಡಿದ್ದಾಳೆ, ಕೇಳಿದರೆ ಉತ್ತರ ಅವಳೇ ಮೊದಲು ಹೇಳಿಬಿಡುತ್ತಾಳೆ, “ನಿಂಗೊತ್ತಿಲ್ಲ, ಬುಡು.”

ಆ ಭಾನುವಾರ ಸಂಜೆಯ ಸೊಪ್ಪು ಹಾಕಿ ಎಲ್ಲರೂ ಮುಂದಿನ ಮನೆಗೆ ಹೋದ ಮೇಲೆ ನಾನು ಎಂದಿನಂತೆ ಟವೆಲ್‌ಗಳನ್ನು ತೆಗೆದೆ. ಮಗನದು, ಸೊಸೆಯದು, ಸೊಪ್ಪಿನವಳದು. ಕೊನೆಯ ಮೊಳೆಯ ಟವೆಲ್ ಮಡಿಕೆ ಬಿಚ್ಚಿ ಸುರುಳಿಯಾಗಿ ನೇತಾಡುತ್ತಿತ್ತು. ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಅದನ್ನೂ ಉಳಿದವುಗಳ ಜೊತೆ ಒಗೆಯಲು ಹಾಕಿದೆ.